ಬೆಂಡು ಅಲುಗಿದಾಗ

ಮಾರ್ಚ್ 2, ಭಾನುವಾರ. ಸಂಜೆ ಏಳು

ಮಧ್ಯಾಹ್ನವೆಲ್ಲ ಕೆರೆಯಲ್ಲಿ, ಅಣ್ಣನ ಜೊತೆ. ಮಾಮೂಲಿ ಜಾಗ — ತೂಬಿನ ಪಕ್ಕದ ಚಪ್ಪಡಿ. ಎರೆಹುಳು ಅವನೇ ತಂದಿದ್ದ. ಮೂರು ಗಂಟೆಯಾದರೂ ಒಂದೂ ಕಚ್ಚಲಿಲ್ಲ. ಕಚ್ಚುವುದಾದರೂ ಹೇಗೆ? ವಾರವಿಡೀ ಸ್ಕೂಲ್ ಬಸ್ಸು ಓಡಿಸಿ, ಮಕ್ಕಳ ಗಲಾಟೆ ಕೇಳಿ ಕೇಳಿ, ಇವನ ಬಾಯಿಯೂ ಸುಮ್ಮನಿರುವುದಿಲ್ಲ.

"ಅಣ್ಣಾ, ಗಾಳ ನಿನ್ನ ಬಾಯಿಗೇ ಹಾಕ್ಬೇಕು ನೋಡು."

"ಹಾಕೋ. ಈ ಕೆರೇಲಿ ನನ್ನಷ್ಟು ತೂಕದ್ದು ನಿನಗಿನ್ಯಾವುದು ಸಿಗತ್ತೆ?"

ಆಮೇಲೆ ಗಾಳಕ್ಕೆ ಹೊಸ ಹುಳ ಸಿಕ್ಕಿಸಿದ. ನಾಲ್ಕರ ಸುಮಾರಿಗೆ, "ಲೋ, ನಿನಗೊಂದು ವಿಷಯ ಹೇಳ್ಬೇಕು..." ಅಂದ. ಅಷ್ಟರಲ್ಲಿ ನೀರಿನ ಮೇಲೆ ತೇಲುತ್ತಿದ್ದ ನನ್ನ ಗಾಳದ ಬೆಂಡು ಅಲುಗಿತು. ಶ್ ಎಂದು ಕೈ ಎತ್ತಿದೆ. ಒಳ್ಳೇ ಗೆಂಡೆ ಮೀನು, ಎರಡು ಕೇಜಿಗೆ ಕಡಿಮೆಯಿಲ್ಲ. ಆ ಸಂಭ್ರಮದಲ್ಲಿ ಅವನ ವಿಷಯ ಮರೆತೇಹೋಯಿತು. ಈಗ ನೆನಪಾಯಿತು. ಹೇಳುವುದಿದ್ದರೆ ಅವನೇ ಹೇಳುತ್ತಾನೆ.

ಮಾರ್ಚ್ 29, ಶನಿವಾರ

ಅಣ್ಣ ಹೋಗಿ ಇಪ್ಪತ್ತಮೂರು ದಿನ. ಕೆರೆಗೆ ಹೋಗಿ ಬಂದ ಆ ವಾರದ ಗುರುವಾರ ಬೆಳಿಗ್ಗೆ, ಬಸ್ ಶೆಡ್ಡಿನಲ್ಲಿ. ಎದೆನೋವು.

ಇವತ್ತು ಅತ್ತಿಗೆ ಅಂಗಡಿಗೆ ಬಂದರು. ಅವನ ಐದು ಪ್ಯಾಂಟು ನನ್ನ ಹೊಲಿಗೆ ಮಿಷಿನ್ನಿನ ಮೇಲಿಟ್ಟು, "ನನ್ನ ತಮ್ಮನಿಗೆ ಆಗೋ ಹಾಗೆ ಸೊಂಟ ಸಣ್ಣ ಮಾಡಿಕೊಡು" ಎಂದರು. ಆಮೇಲೆ ಪರ್ಸಿನಿಂದ ಒಂದು ಚೀಟಿ ತೆಗೆದರು. ಬೂದು ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿದ್ದಂತೆ. ಆಸ್ಪತ್ರೆಯದು. ತಾರೀಕು ಮಾರ್ಚ್ ಒಂದು. ಹಾರ್ಟಿನ ತೊಂದರೆ, ಕೂಡಲೇ ಅಡ್ಮಿಟ್ ಆಗಬೇಕು ಎಂದು ಬರೆದಿದೆ.

"ನಿನ್ನ ಹತ್ರ ಏನಾದ್ರೂ ಬಾಯಿ ಬಿಟ್ಟಿದ್ರಾ?"

"ಇಲ್ಲ ಅತ್ತಿಗೆ."

"ಊರಿಗೆಲ್ಲ ಕಥೆ ಹೇಳ್ಕೊಂಡು ತಿರುಗೋ ಮನುಷ್ಯ! ಇದೊಂದು ಮಾತ್ರ ಕಟ್ಕೊಂಡವಳಿಗೂ ಇಲ್ಲ, ಒಡಹುಟ್ಟಿದವನಿಗೂ ಇಲ್ಲ. ನಾವ್ಯಾರೂ ಅವರಿಗೆ ಏನೂ ಅಲ್ಲ ಅಂತಾಯ್ತು. ಇನ್ನು ಅವರ ಹೆಸರೆತ್ತಿ ಅಳಲ್ಲ ನಾನು."

ಸುಳ್ಳು ಹೇಳಲಿಲ್ಲ. ಅವನು ಹೇಳಿರಲಿಲ್ಲ, ನಿಜ. ಹೇಳಲು ನಾನು ಬಿಟ್ಟಿರಲಿಲ್ಲ — ಅದನ್ನು ಅತ್ತಿಗೆಗೆ ಹೇಳಲಿಲ್ಲ.

ಏಪ್ರಿಲ್ 2

ನಾಲ್ಕು ಪ್ಯಾಂಟು ಮುಗಿದವು. ಬೂದು ಪ್ಯಾಂಟಿಗೆ ಕತ್ತರಿ ಹಾಕಲು ಕೈ ಬರುತ್ತಿಲ್ಲ.

ಏಪ್ರಿಲ್ 6, ಭಾನುವಾರ. ಸಂಜೆ ಏಳೂವರೆ

ಕೆರೆಗೆ ಹೋಗಿದ್ದೆ. ಒಬ್ಬನೇ. ಕೆರೆಯಲ್ಲಿ ಬಲೆ ಬೀಸುವ ದೋಣಿಯವನು ದಡದ ಹತ್ತಿರ ಬಂದು, "ಏನ್ ಟೈಲರ್ರೇ, ಇವತ್ತು ರೇಡಿಯೋ ತಂದಿಲ್ವಾ?" ಎಂದ. ರೇಡಿಯೋ ಎಂದರೆ ಅಣ್ಣ. ಪಾಪ, ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡ.

"ಅವರ ಮಾತು ಕೇಳೋಕೇ ಅಂತ ನಾನು ಈ ಕಡೆ ದೋಣಿ ತರ್ತಿದ್ದೆ" ಎಂದ.

ನಾನು ಪಕ್ಕದಲ್ಲೇ ಕೂತು ಬಾಯಿ ಮುಚ್ಚಿಸುತ್ತಿದ್ದೆ. ಮೀನಿಗೋಸ್ಕರ. ಅವತ್ತು ಅವನ ಮಾತು ಕೇಳಿದ್ದರೆ ಗಾಳದ ಕೋಲು ಅಲ್ಲೇ ಎಸೆದು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದೆ. ಸೋಮವಾರ, ಮಂಗಳವಾರ, ಬುಧವಾರ — ಮೂರು ದಿನ ಇದ್ದವು.

ಇವತ್ತು ಎರಡು ಸಲ ಕಚ್ಚಿತು. ಎಳೆಯಲಿಲ್ಲ.

ಬರುವಾಗ ಅತ್ತಿಗೆಯ ಮನೆ ಮುಂದೆ ನಿಂತೆ. ಒಳಗೆ ಸಾಮಾನು ಕಟ್ಟುವ ಸದ್ದು. ತವರಿಗೆ ಹೊರಟಿದ್ದಾರೆ, ಇನ್ನು ಅಲ್ಲೇ ಇರುತ್ತಾರಂತೆ. ಅಣ್ಣನ ಮೇಲಿನ ಸಿಟ್ಟನ್ನೂ ಕಟ್ಟಿಕೊಂಡು. ಆ ಸಿಟ್ಟು ನನಗೆ ಸೇರಬೇಕಾದದ್ದು. ಬಾಗಿಲು ತಟ್ಟುವ ಧೈರ್ಯವಾಗಲಿಲ್ಲ. ಹೇಳಿದರೆ ಮತ್ತೆ ನನ್ನ ಮುಖ ನೋಡಲಿಕ್ಕಿಲ್ಲ. ಹೇಳದಿದ್ದರೆ ಅಣ್ಣನನ್ನು ಕೊನೇತನಕ ತಪ್ಪು ತಿಳಿದುಕೊಂಡೇ ಇರುತ್ತಾರೆ.

ಅತ್ತಿಗೆಯ ಬಸ್ಸು ನಾಳೆ ಬೆಳಿಗ್ಗೆ ಆರು ಹತ್ತಕ್ಕೆ.