ಪರದೆಗೆ ಬೆನ್ನು ಹಾಕಿ

ಹುಳಿಯಾರು
೧೪ ಡಿಸೆಂಬರ್ ೨೦೦೮, ಭಾನುವಾರ

ಪ್ರೀತಿಯ ತಂಗಿ ವನಿತಾ,

ಪುಣೆಯಲ್ಲಿ ಚಳಿ ಹೆಚ್ಚಿರಬೇಕು. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬರುವಾಗ ತಲೆಗೆ ಏನಾದರೂ ಕಟ್ಟಿಕೊಂಡು ಬಾ. ಬೀರೇಶರ ಮಂಡಿನೋವು ಹೇಗಿದೆ? ಇಲ್ಲಿ ಅಮ್ಮನ ಕೆಮ್ಮು ಹೋಗಿದೆ. ಮತ್ತೆ ಕೊಬ್ಬರಿ ಕೆಲಸಕ್ಕೆ ಹೋಗುತ್ತಿದ್ದಾಳೆ, ಬೇಡವೆಂದರೆ ಕೇಳುವವಳಲ್ಲ.

ಶುಕ್ರವಾರ ನೀನು ನಮ್ಮ ಎಂಟನೇ ತರಗತಿಯ ಮಕ್ಕಳ ಜೊತೆ ಕಂಪ್ಯೂಟರಿನಲ್ಲಿ ಮಾತಾಡಿದ್ದು ಚೆನ್ನಾಗಿ ನಡೆಯಿತು. ಹೊರಗಿನವರನ್ನು ಹೀಗೆ ತರಗತಿಗೆ ಕರೆಸೋಣವೆಂದು ಹೆಡ್ಮಾಸ್ಟರು ಹೇಳಿದಾಗ ನನಗೆ ಮೊದಲು ನೆನಪಾದವಳು ನೀನು. ನಮ್ಮ ಕಡೆ ಕ್ಯಾಮೆರಾ ಇರಲಿಲ್ಲ. ನೀನು ನಮಗೆ ಕಂಡೆ, ನಾವು ನಿನಗೆ ಕಾಣಲಿಲ್ಲ. ಹಾಗಾಗಿ ಅಮ್ಮನೂ ಆ ಕೋಣೆಯಲ್ಲಿ ಇದ್ದಳೆಂಬುದು ನಿನಗೆ ಗೊತ್ತಿಲ್ಲ.

ಹಿಂದಿನ ದಿನ ಅವಳಿಗೆ ವಿಷಯ ಹೇಳಿದ್ದೆ. ನಮ್ಮ ಕುಲದವರಲ್ಲದ ಬೀರೇಶರನ್ನು ನೀನು ಮದುವೆಯಾದ ವಾರ, ಜುಂಜಪ್ಪನ ಗುಡಿ ಮುಂದೆ ನಿಂತು, ಇನ್ನು ನಿನ್ನ ಮುಖ ನೋಡುವುದಿಲ್ಲವೆಂದು ಆಣೆ ಇಟ್ಟವಳು. ಆಣೆಯೆಂದರೆ ನಮ್ಮ ಹಟ್ಟಿಯವರು ಎಷ್ಟು ಕಟ್ಟುನಿಟ್ಟು ಎಂಬುದನ್ನು ನಿನಗೆ ಹೇಳಬೇಕಿಲ್ಲ. ನೀನು ಮಾತು ಶುರುಮಾಡಿದ ಮೇಲೆ ಅಮ್ಮ ಮಜ್ಜಿಗೆ ಚೊಂಬು ಹಿಡಿದು ಶಾಲೆಗೆ ಬಂದಳು. ನನ್ನ ಕೈಗೆ ಕೊಟ್ಟಳು. ಹೋಗಲಿಲ್ಲ. ಬಾಗಿಲ ಒಳಗೆ, ನಿನಗೆ ಬೆನ್ನು ಹಾಕಿ, ಗೋಡೆ ನೋಡುತ್ತ ನಿಂತಳು. ಕಿವಿಗೆ ಆಣೆ ಇರಲಿಲ್ಲವಲ್ಲ. ಅಜ್ಜಿಗೆ ಮೇಷ್ಟ್ರು ಶಿಕ್ಷೆ ಕೊಟ್ಟಿದ್ದಾರೆಂದು ಮಕ್ಕಳು ಕಿಸಕ್ಕೆಂದವು. ನಿನಗೆ ಕೇಳಿಸಿದ ನಗು ಅದೇ.

ನೀನು ಕೈಗೆ ಬ್ಯಾಂಡೇಜ್ ಸುತ್ತಿ ತೋರಿಸುತ್ತಿದ್ದಾಗ ಅಮ್ಮ ಮೆಲ್ಲಗೆ, “ಬಡವಾಗವ್ಳೇನ್ಲಾ?” ಎಂದು ಕೇಳಿದಳು. ಸ್ವಲ್ಪ ಎಂದೆ. “ಸರ್ಯಾಗ್ ನೋಡಿ ಹೇಳ್ಲಾ” ಎಂದು ಗದರಿದಳು. ನೋಡಿದೆ. ಕೆನ್ನೆ ಇಳಿದಿದೆ, ಕಣ್ಣು ಹಾಗೇ ಇದೆ ಎಂದೆ.

ಕೊನೆಗೆ ನಮ್ಮ ಹಟ್ಟಿಯ ಮಂಜುಶ್ರೀ ಎದ್ದು, ನೀವು ಹಟ್ಟಿಗೆ ಯಾವಾಗ ಬರುತ್ತೀರಿ ಎಂದು ಕೇಳಿದಳಲ್ಲ. ನೀನು ಬಿಚ್ಚಿದ ಬ್ಯಾಂಡೇಜನ್ನು ಮತ್ತೆ ಸುರುಳಿ ಸುತ್ತಿದೆ. ಆಮೇಲೆ “ಕರೆದ್ರೆ ಬತ್ತೀನಿ ಕಣಮ್ಮ” ಎಂದೆ. ನಾನು ಓದುವ ರಷ್ಯನ್ ಕಾದಂಬರಿಗಳಲ್ಲಾದರೆ ಅಷ್ಟು ಹೊತ್ತಿಗೆ ಯಾರಾದರೂ ಅತ್ತಿರುತ್ತಿದ್ದರು. ಅಮ್ಮ ಸೆರಗು ಸರಿಮಾಡಿಕೊಂಡು, ಪರದೆಯ ಕಡೆ ತಿರುಗದೆ, ಗೋಡೆ ಹಿಡಿದು ಅಡ್ಡಡ್ಡ ನಡೆದು ಹೊರಗೆ ಹೋದಳು. ಎರಡು ದಿನದಿಂದ ಆ ಮಾತೇ ಎತ್ತಿಲ್ಲ.

ಬೀರೇಶರಿಗೆ ನನ್ನ ನಮಸ್ಕಾರ ತಿಳಿಸು. ಇಬ್ಬರೂ ಹೊತ್ತಿಗೆ ಸರಿಯಾಗಿ ಉಂಡು ಚೆನ್ನಾಗಿರಿ.

ನಿನ್ನ ಅಣ್ಣ,
ಕೃಷ್ಣಕುಮಾರ್

ಲಕೋಟೆ ಅಂಟಿಸುವ ಮುನ್ನ: ಅಮ್ಮ ಈಗ ತಾನೇ ಬಂದು ಹೇಳಿದಳು. ಜುಂಜಪ್ಪನಿಗೆ ತಪ್ಪುಕಾಣಿಕೆ ಕೊಟ್ಟರೆ ಆಣೆ ಬಿಡಿಸಿಕೊಳ್ಳಬಹುದಂತೆ. ಪೂಜಾರಿ ಚಿತ್ತಣ್ಣನನ್ನು ಕೇಳಿಕೊಂಡೇ ಬಂದಿದ್ದಾಳೆ. ಹೆಣ್ಣುಮಗಳನ್ನು ಮನೆಗೆ ಕರೆಯಲು ನನ್ನನ್ನು ಕಳಿಸಿದರೆ ಸಾಲದೇ ಎಂದೆ. “ಕರೆಯೋದಾದ್ರೆ ಮುಖ ನೋಡ್ಕಂಡೇ ಕರೀಬೇಕು ಕಣ್ಲಾ” ಎಂದಳು. ಇಪ್ಪತ್ತಾರನೇ ತಾರೀಕು ಶುಕ್ರವಾರ ಮತ್ತೆ ಕಂಪ್ಯೂಟರಿನಲ್ಲಿ ನಿನ್ನ ತರಗತಿ ಇಟ್ಟುಕೊಳ್ಳುತ್ತೇನೆ, ಬಿಡುವು ಮಾಡಿಕೊ. ಗುಡಿಗೆ ನಾಳೆ ಹೋಗುವುದೆಂದು ನಿಶ್ಚಯವಾಗಿದೆ.