ಬಿಲ್ಲೆ ಬಿದ್ದವಳ ಸಂತಾನ

ಎರಡು ಸಾವಿರದ ಇಪ್ಪತ್ತಾರರ ಸಮಸ್ತ ಸಭಾಸದರೇ, ಪಂಡಿತರೇ, ಪಾಮರರೇ, ಸಕ್ಕರೆ ರಕ್ತದವರೇ, ಸಪ್ಪೆ ರಕ್ತದವರೇ,

ಮಜ್ಜಾಪುರದಿಂದ, ೨೬೧೧ನೆಯ ಪೀಳಿಗೆಯ ಮೂರನೇ ಮಂಗಳವಾರ, ನಮಸ್ಕಾರ. ನಮ್ಮ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಇಲ್ಲಿ ವರ್ಷಗಳನ್ನಲ್ಲ, ಪೀಳಿಗೆಗಳನ್ನು ಎಣಿಸುತ್ತೇವೆ.

ನಮ್ಮೂರಿನ ಕಸುಬು ಒಂದೇ, ರಕ್ತ ತಯಾರಿ. ಉಸಿರು ಹೊರುವ ಕೆಂಪು ಹಮಾಲರು, ಗಾಯ ಹೊಲಿಯುವ ಸಿಂಪಿಗರು, ಎಲ್ಲರೂ ಇಲ್ಲಿನ ತಾಯಂದಿರ ಮಕ್ಕಳೇ. ಹಿಂದೆ ಪ್ರತಿ ತಾಯಿಯ ಎದೆಯ ಮೇಲೂ ಕೆಲವು ಗುರುತಿನ ಬಿಲ್ಲೆಗಳಿರುತ್ತಿದ್ದವು. ಒಂದು ದಿನ ಊರು ಕಾಯುವ ಪಡೆಗೇ ತಲೆ ತಿರುಗಿತು. ಆ ಬಿಲ್ಲೆಗಳಲ್ಲಿ ಒಂದು ಬಗೆಯದು ಕಂಡಲ್ಲೆಲ್ಲ, ಅದನ್ನು ತೊಟ್ಟ ತಾಯಂದಿರನ್ನು ಕಳ್ಳರೆಂದು ಕೊಂದಿತು. ಬೀದಿಗಳು ಬರಿದಾದವು, ಖಾಲಿ ಮನೆಗಳಲ್ಲಿ ಹಳದಿ ಕೊಬ್ಬು ಕಳೆಯಂತೆ ಬೆಳೆಯಿತು. ಆಗ ಒಬ್ಬಳ ಎದೆಯಿಂದ ಆ ಬಿಲ್ಲೆ ತಾನಾಗಿಯೇ ಕಳಚಿ ಬಿತ್ತು. ಜಾಣತನವೇನಲ್ಲ, ಆಕಸ್ಮಿಕ. ಬಿಲ್ಲೆ ಇದ್ದವರು ಇಲ್ಲೇ ಬಿದ್ದರು, ಬಿಲ್ಲೆ ಬಿದ್ದವಳು ಮೆಲ್ಲಗೆ ಎದ್ದಳು. ನಾವೆಲ್ಲ ಅವಳ ಸಂತಾನ.

ಅಂದಿನಿಂದ ಗುರುತೆಂದರೆ ನಮಗೆ ಭಯ. ಕೂಸನ್ನು ತೊಟ್ಟಿಲಿಗೆ ಹಾಕಿದಾಗ ಸೋದರತ್ತೆ ಕಿವಿಯ ಬಳಿ ಬಗ್ಗುತ್ತಾಳೆ, ಯಾವ ಹೆಸರನ್ನೂ ಉಸುರದೆ ಏಳುತ್ತಾಳೆ. ಹೆಸರಿಡುವಾಗ ಹೆಂಗಸರು ಅವಳ ಬೆನ್ನಿಗೆ ಹಾಕುವ ಗುದ್ದು ಮಾತ್ರ ತಪ್ಪಿಲ್ಲ.

"ಹೆಸರ ಇಲ್ಲಂದ ಮ್ಯಾಲ ಗುದ್ದ್ಯಾಕವ್ವಾ?" ಎಂದು ಮೊನ್ನೆ ಒಬ್ಬ ಅತ್ತೆ ಕೇಳಿದಳು.

"ಹೆಸರಿದ್ದವ್ರು ತಿಂದ ಪೆಟ್ಟು ನೆನಪಿರ್ಲಿ ಅಂತ. ಸುಮ್ನ ಬಾಗು," ಎಂದಳು ಅಜ್ಜಿ.

ಊರು ಈಗ ತುಂಬಿದೆ. ಆದರೆ ಎಲ್ಲರದೂ ಒಂದೇ ಮುಖ. ಕಾವಲುಪಡೆ ನಮ್ಮನ್ನು ನೋಡಿಯೂ ನೋಡದಂತೆ ದಾಟಿ ಹೋಗುತ್ತದೆ. ನಾಳೆ ನಮ್ಮೊಳಗೇ ಒಬ್ಬ ಕೆಟ್ಟರೆ ಅವನನ್ನೂ ಹಾಗೆಯೇ ದಾಟಿ ಹೋದೀತು. ಕೊನೆಯ ಓಣಿಯಲ್ಲಿ ಈಚೆಗೆ ಹುಟ್ಟಿದ ಮಕ್ಕಳು ಬೆಳೆಯುತ್ತಿಲ್ಲ, ಬರೀ ಹೆಚ್ಚುತ್ತಿದ್ದಾರೆ. ಯಾರೂ ಆ ಕಡೆ ಹೋಗುತ್ತಿಲ್ಲ. ಮಹಾಜನಗಳೇ, ತುಂಬಿದ ಊರನ್ನು ಕಂಡು ತೃಪ್ತರಾಗಿ ತೆರಳಬೇಡಿ. ಯಾರು ತುಂಬಿದ್ದಾರೆಂದು ಆಗಾಗ ಬಂದು...

ಸಾಕು. ಶಶಿರೇಖಾ, ಇದು ಯಾವ ಪೀಳಿಗೆಯೂ ಅಲ್ಲ. ಮಜ್ಜಾಪುರವೆಂದರೆ ಈ ನಿನ್ನ ಗಂಡನ ಸೊಂಟದ ಮೂಳೆ. ನನ್ನ ರಕ್ತಕಣಗಳ ಎಣಿಕೆ ಏರಿತೆಂದು ನೀನು ವಾರ್ಡಿಗೆಲ್ಲ ಪೇಢೆ ಹಂಚಲು ಹೋಗಿದ್ದಾಗ ಡಾಕ್ಟರು ಈ ಬಿಲ್ಲೆಯ ಕತೆ ಹೇಳಿದರು. "ಬಾಳ ಮಂದಿಗೆ ಏನೂ ಆಗಂಗಿಲ್ರಿ. ಆದ್ರ ಒಬ್ಬಿಬ್ಬರಿಗೆ ಈ ಹೊಸ ರಕ್ತನ ಕೆಡತೈತಿ, ಆರು ತಿಂಗಳಿಗೊಮ್ಮೆ ತಪ್ಪದ ತೋರಿಸ್ರಿ," ಎಂದರು. ಎರಡು ಸಲ ಹೋಗಿ ಬಂದೆ ಎಂದು ನಿನಗೆ ಹೇಳಿದೆನಲ್ಲ, ಎರಡೂ ಸಲ ಬಸ್ ಸ್ಟ್ಯಾಂಡಿನಲ್ಲಿ ಕೂತು ವಾಪಸ್ ಬಂದೆ. ನಿನ್ನೆಯಿಂದ ಒಸಡಿನಲ್ಲಿ ರಕ್ತ ಬರುತ್ತಿದೆ.