ಇನ್ನೂ ಇನ್‌ಸ್ಟಾಲ್ ಮಾಡಿಲ್ಲ

ಮಾರ್ಚ್ 4, ಬೆಳಿಗ್ಗೆ
ಮತ್ತೆ ಅದೇ ಎಚ್ಚರಿಕೆ, ಪರದೆ ತುಂಬ. ಈ ಕಂಪ್ಯೂಟರಿಗೆ ಇನ್ನು ಅಪ್‌ಡೇಟ್ ಇಲ್ಲ, ಹೊಸದು ಕೊಳ್ಳಿ. ಯಾಕೆ ಕೊಳ್ಳಬೇಕು? ಕೀಲಿ ಸವೆದಿಲ್ಲ, ಪರದೆ ಮಂಕಾಗಿಲ್ಲ. ಬಾಳಿಕೆ ಬರುತ್ತದೆಂದು ಜಾಹೀರಾತು ಹಾಕಿ ಮಾರಿದವರು ಇವರೇ. ಅವರು ಮರೆತಿರಬಹುದು, ನಾನು ಮರೆತಿಲ್ಲ. ಕಂಪನಿಗೆ ಇನ್ನೊಂದು ಪತ್ರ ಹಾಕಿದೆ.
ಹೆಂಡತಿಗೆ ತಲೆ ಬಾಚಿದೆ. ಸ್ಟ್ರೋಕ್ ಆದಮೇಲೆ ಮಾತಿಲ್ಲ. ನನ್ನ ಬೈಗುಳ ಕೇಳಿ ತುಟಿಯ ಒಂದು ಕೊನೆ ಮಾತ್ರ ನಕ್ಕಿತು.

ಮಾರ್ಚ್ 6
ನಾದಿನಿ ಬಂದಿದ್ದಳು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನವಳು. ಪೆನ್‌ಡ್ರೈವಿನಲ್ಲಿ ಲಿನಕ್ಸ್ ತಂದಿದ್ದಳು, ಹಳೇ ಕಂಪ್ಯೂಟರನ್ನೂ ನಡೆಸುವ ಬೇರೆ ತಂತ್ರಾಂಶ. ಬಿಟ್ಟಿ. ಯಾರಪ್ಪನ ಸ್ವತ್ತೂ ಅಲ್ಲವಂತೆ.
"ಭಾವ, ಈಗ ಇದು ಬರೀ ಟ್ರಯಲ್. ಆಫ್ ಮಾಡಿದ್ರೆ ಬರೆದದ್ದೆಲ್ಲ ಹೋಗುತ್ತೆ. ಇನ್‌ಸ್ಟಾಲ್ ಮಾಡ್ಬಿಡ್ಲಾ?"
"ಲೈಸೆನ್ಸ್ ಪೂರ್ತಿ ಓದದೆ ಬೇಡ."
"ಅಕ್ಕನ್ನ ಮದುವೆ ಆಗೋವಾಗ ಏನು ಓದಿದ್ರಿ?"
ಇವಳು ಗಂಟಲಲ್ಲೇ ನಕ್ಕಳು. ಎಷ್ಟು ಕಾಲವಾಗಿತ್ತು ಆ ಸದ್ದು ಕೇಳಿ...

ಮಾರ್ಚ್ 9
ಚೆನ್ನಾಗಿದೆ. ಹಳೇ ಯಂತ್ರ ಹುರುಪಿನಿಂದ ಓಡುತ್ತಿದೆ. ಕನ್ನಡವೂ ಬರುತ್ತದೆ. ಲೈಸೆನ್ಸ್ ಅರ್ಧ ಆಯಿತು. ಎಲ್ಲೂ ಮೋಸ ಕಾಣುತ್ತಿಲ್ಲ — ಅದಕ್ಕೇ ಅನುಮಾನ.
ಇವಳು ಪಕ್ಕದಲ್ಲಿ ಕೂತು ಕೀಬೋರ್ಡನ್ನೇ ನೋಡುತ್ತಾಳೆ. ಜೀವನವಿಡೀ ಟೈಪಿಂಗ್ ಕಲಿಸಿದವಳು. ಬೆರಳಿಟ್ಟು ಮಾತು ತಿಳಿಸಲೆಂದು ಡಾಕ್ಟರು ಕೊಟ್ಟ ಅಕ್ಷರದ ಹಲಗೆಯನ್ನು ಮುಟ್ಟಿಯೂ ಇಲ್ಲ.

ಮಾರ್ಚ್ 10, ಸಂಜೆ
ಆದದ್ದನ್ನು ಆದ ಹಾಗೇ ಬರೆದಿಡುತ್ತೇನೆ.
ಬರೆಯುವ ಪುಟ ತೆರೆದಿಟ್ಟು ಹಾಲು ಕಾಯಿಸಲು ಹೋದೆ. ಟಕಟಕ ಸದ್ದು. ಬೆಕ್ಕಿನ ಹೆಜ್ಜೆಯಲ್ಲಿ ಬಂದು ಹಿಂದೆ ನಿಂತೆ. ಇವಳು! ಎಡಗೈ ಒಂದರಲ್ಲೇ, ಬೆನ್ನು ನೆಟ್ಟಗೆ, ಕೀಲಿ ನೋಡದೆ. "ರೀ, ನಿಮ್ಮನ್ನ ಒಂದು ಕೇಳಬೇಕು" — ಅಷ್ಟು ಓದಿದೆ. ನನ್ನನ್ನು ಕಂಡರೆ ನಿಲ್ಲಿಸಿಯಾಳು ಎಂದು ಹಿಂದೆ ಸರಿದೆ. ಮುಗಿಸಲಿ, ಆಮೇಲೆ ಓದೋಣ. ಹಾಲು ಉಕ್ಕಿತು. ಉಕ್ಕಲಿ ಬಿಡು.
ಸದ್ದು ನಿಂತಮೇಲೆ ಹೋದೆ. ಪರದೆ ಕಪ್ಪು. ಶಿಷ್ಯರಿಗೆಲ್ಲ ಹೇಳಿಕೊಟ್ಟ ಹಾಗೆ ಕೆಲಸ ಮುಗಿಸಿ, ಆಫ್ ಮಾಡಿ, ಬಟ್ಟೆ ಹೊದಿಸಿ ಕೂತಿದ್ದಳು. ಸೇವ್ ಮಾಡಿಯೇ ಇರುತ್ತಾಳೆ. ಟ್ರಯಲ್‌ನಲ್ಲಿ ಸೇವ್ ಮಾಡಿದ್ದೂ ಉಳಿಯುವುದಿಲ್ಲ.
ಉತ್ತರಕ್ಕೆ ಕಾಯುವವಳ ಹಾಗೆ ನನ್ನ ಮುಖ ನೋಡಿದಳು.
"ಓದಿದೆ ಕಣೇ," ಅಂದುಬಿಟ್ಟೆ. "ಹಾಗೇ ಆಗಲಿ."
ಕಣ್ಣು ತುಂಬಿ ನನ್ನ ಕೈ ಒತ್ತಿದಳು.

ಮಾರ್ಚ್ 11
ನಾದಿನಿ ಓಡಿ ಬಂದು ಹುಡುಕಿದಳು. "ಎಲ್ಲೂ ಇಲ್ಲ ಭಾವ." ಬೈದಿದ್ದರೆ ಚೆನ್ನಾಗಿತ್ತು. ಇನ್‌ಸ್ಟಾಲ್ ಮಾಡಿಹೋದಳು. ಉಳಿದರ್ಧ ಲೈಸೆನ್ಸ್ ಓದಲಿಲ್ಲ.
ಈ ಸಲ ಯಾರಿಗೆ ಪತ್ರ ಹಾಕಲಿ?

ಏಪ್ರಿಲ್ 2
ದಿನವೂ ಪುಟ ತೆರೆದಿಡುತ್ತೇನೆ. ಇವಳು ಮುಟ್ಟುವುದಿಲ್ಲ. ಹೇಳುವುದನ್ನು ಹೇಳಿಯಾಗಿದೆಯಲ್ಲ. ಬೆಳಿಗ್ಗೆ ಎದ್ದರೆ ನನ್ನ ಮುಖ, ಆಮೇಲೆ ಬಾಗಿಲು ನೋಡುತ್ತಾಳೆ. ಯಾರನ್ನೋ ಕರೆಸಬೇಕಿತ್ತೇ? ಎಲ್ಲಿಗಾದರೂ ಕರೆದೊಯ್ಯಬೇಕಿತ್ತೇ? ನಾನು ಒಪ್ಪಿದ್ದೇನು?

ಏಪ್ರಿಲ್ 5
ನಿಜ ಹೇಳಿದೆ. ಓದಿರಲಿಲ್ಲ, ಅಳಿಸಿಹೋಯಿತು, ಇನ್ನೊಂದು ಸಲ ಬರಿ ಅಂತ ಕೈ ಹಿಡಿದುಕೊಂಡೆ. ಕೀಬೋರ್ಡ್ ಮುಂದೆ ಕೂರಿಸಿದೆ. ತುಂಬ ಹೊತ್ತು ನನ್ನನ್ನೇ ನೋಡಿದಳು. ಎಡಗೈ ಎತ್ತಿದಳು. ಮೆಲ್ಲಗೆ ಬಟ್ಟೆ ಎಳೆದು, ಕೀಬೋರ್ಡಿನ ಮೇಲೆ ಹೊದಿಸಿದಳು.